‘ವಿ ಫಾರ್ ವೆಂಡೆಟ್ಟಾ’ ಹಿಡಿದುಕೊಂಡಿರುವ ಮಗ: ಹೆದರಬೇಕಾ, ಬಿಡಬೇಕಾ?

ಪ್ರಶ್ನೆ: ಸರ್, ನಮ್ಮದು ಮೈಸೂರು. ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಓದಿನಲ್ಲಿ ಪರವಾಗಿಲ್ಲ, ಗೆಳೆಯರೂ ಒಳ್ಳೆಯವರೇ. ಕೆಲವು ತಿಂಗಳಿಂದ ‘ವಿ ಫಾರ್ ವೆಂಡೆಟ್ಟಾ’ ಅನ್ನುವ ಇಂಗ್ಲಿಷ್ ಸಿನಿಮಾ ಹಿಡಿದುಕೊಂಡಿದ್ದಾನೆ. ಅದರಲ್ಲಿ ಬರುವ ನಗುವ ಬಿಳಿ ಮುಖವಾಡವನ್ನು ಆನ್‌ಲೈನ್‌ನಲ್ಲಿ ತರಿಸಿ ರೂಮಿನ ಗೋಡೆಗೆ ನೇತುಹಾಕಿದ್ದಾನೆ. ಸರ್ಕಾರ ಜನರಿಗೆ ಹೆದರಬೇಕು ಅಂತೆಲ್ಲ ಮಾತಾಡುತ್ತಾನೆ. ಒಂದು ದಿನ ನಾನೂ ಕೂತು ನೋಡಿದೆ. ಹೀರೋ ಪಾರ್ಲಿಮೆಂಟಿಗೇ ಬಾಂಬ್ ಇಡುತ್ತಾನೆ! ಅದಕ್ಕಿಂತ ನನಗೆ ಸಂಕಟ ಆಗಿದ್ದು ಬೇರೆ. ತನ್ನನ್ನು ನಂಬಿದ ಹುಡುಗಿಯನ್ನೇ ಅವನು ಕೂಡಿಹಾಕಿ, ತಲೆ ಬೋಳಿಸಿ, ಹಿಂಸೆ ಕೊಡುತ್ತಾನೆ. ‘ಅವಳ ಒಳ್ಳೇದಕ್ಕೇ ಮಾಡಿದ್ದು ಅಮ್ಮಾ’ ಅಂದ ಮಗ. ಮನೆಯವರು ‘ಆ ಮುಖವಾಡ ಕಿತ್ತು ಬಿಸಾಕು, ಇವನು ನಕ್ಸಲ್ ಆಗ್ತಾನೆ’ ಅಂತಾರೆ. ಇದು ನಿಜವಾಗಿ ನಡೆದ ಕಥೆಯಾ? ಇಂಥ ಸಿನಿಮಾ ಹುಡುಗರ ತಲೆ ಕೆಡಿಸುತ್ತದೆಯಾ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಒಂದು ಬಾಂಬಿನದು, ಇನ್ನೊಂದು ಆ ಹುಡುಗಿಯದು. ಮನೆಯಲ್ಲಿ ಮಾತು ನಡೆಯುತ್ತಿರುವುದು ಮೊದಲನೆಯದರ ಬಗ್ಗೆ. ನಿಮ್ಮ ಮನಸ್ಸು ಕೆಟ್ಟಿದ್ದು ಎರಡನೆಯದಕ್ಕೆ. ನೀವು ಸರಿಯಾದ ಜಾಗವನ್ನೇ ಹಿಡಿದಿದ್ದೀರಿ. ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಕಾಲೇಜು ಹುಡುಗ ಹುಡುಗಿಯರ ಜೊತೆ ಈ ಸಿನಿಮಾ ನೋಡುತ್ತಾ ಬಂದವನು ನಾನು. ಸರ್ಕಾರವನ್ನು ಪ್ರಶ್ನೆ ಮಾಡಬೇಕು ಅನ್ನುವ ಹುಡುಗನನ್ನು ಕಂಡು ನನಗೆ ಆತಂಕ ಆಗುವುದಿಲ್ಲ, ಆ ವಯಸ್ಸಿಗೆ ಅದು ಚೆನ್ನಾಗಿಯೇ ಇರುತ್ತದೆ. ‘ಅವಳ ಒಳ್ಳೇದಕ್ಕೇ’ ಅನ್ನುವ ಮಾತು ಬಂದಾಗ ಮಾತ್ರ ಚರ್ಚೆ ನಿಲ್ಲಿಸಿ, ಆ ದೃಶ್ಯವನ್ನು ಮತ್ತೆ ಹಾಕುತ್ತೇನೆ.

ಸಿನಿಮಾ ನೋಡದವರಿಗಾಗಿ ಕಥೆ ಇಷ್ಟು. ಮುಂದೆ ಬರಲಿರುವ ಒಂದು ಕಾಲದ ಬ್ರಿಟನ್. ಭಯಂಕರ ಸೋಂಕು ಹಬ್ಬಿ ಜನ ಸಾಯುತ್ತಾರೆ. ಆ ಗಾಬರಿಯಲ್ಲಿ ‘ನಿಮ್ಮನ್ನು ನಾವು ಕಾಪಾಡುತ್ತೇವೆ’ ಎಂದ ಪಕ್ಷಕ್ಕೆ ಜನ ಅಧಿಕಾರ ಕೊಡುತ್ತಾರೆ. ಅದರ ಮುಖಂಡ ಆಡಮ್ ಸಟ್ಲರ್. ರಾತ್ರಿ ಕರ್ಫ್ಯೂ, ಬೀದಿಯಲ್ಲಿ ಗುಪ್ತ ಪೊಲೀಸರು, ಒಂದೇ ಟಿವಿ ಜಾಲ. ಬೇರೆ ಧರ್ಮದವರು, ಸಲಿಂಗಿಗಳು, ಎದುರು ಮಾತಾಡಿದವರು ಮಾಯವಾಗುತ್ತಾರೆ. ಅಂಥವರನ್ನು ಕೂಡಿಹಾಕಿ ಪ್ರಯೋಗ ಮಾಡಿದ ಲಾರ್ಕ್‌ಹಿಲ್ ಶಿಬಿರದಿಂದ ತಪ್ಪಿಸಿಕೊಂಡವನು ವಿ. ಮುಖ ಸುಟ್ಟಿದೆ, ಮುಖವಾಡ ತೆಗೆಯುವುದೇ ಇಲ್ಲ. ತನಗೆ ಹಿಂಸೆ ಕೊಟ್ಟವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಒಂದು ನವೆಂಬರ್ 5ರಂದು ಕೋರ್ಟ್ ಕಟ್ಟಡ ಸಿಡಿಸಿ, ಮುಂದಿನ ವರ್ಷ ಅದೇ ದಿನ ಪಾರ್ಲಿಮೆಂಟ್ ಮುಂದೆ ಬನ್ನಿ ಎಂದು ಜನರನ್ನು ಕರೆಯುತ್ತಾನೆ. ಟಿವಿ ಕಚೇರಿಯಲ್ಲಿ ಕೆಲಸ ಮಾಡುವ ಈವಿ ಎಂಬ ಹುಡುಗಿ ಆಕಸ್ಮಿಕವಾಗಿ ಅವನ ಜೊತೆ ಸಿಕ್ಕಿಕೊಳ್ಳುತ್ತಾಳೆ.

ಇದು ನಡೆದ ಕಥೆಯಲ್ಲ. ಆದರೆ ಮುಖವಾಡದ ಹಿಂದೆ ಒಬ್ಬ ನಿಜವಾದ ಮನುಷ್ಯನಿದ್ದಾನೆ: ಗೈ ಫಾಕ್ಸ್. ಅವನ ಬಗ್ಗೆ ಹುಡುಗರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಬ್ರಿಟನ್ನಿನ ಭಗತ್ ಸಿಂಗ್ ಅಂತಲೇ ಹಲವರು ತಿಳಿದಿರುತ್ತಾರೆ. 1605ರ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರ ಬದುಕು ಕಷ್ಟದ್ದಾಗಿತ್ತು. ಸರ್ಕಾರಿ ಚರ್ಚಿಗೆ ಹೋಗದಿದ್ದರೆ ದಂಡ, ಪಾದ್ರಿಗಳಿಗೆ ಮರಣದಂಡನೆ. ರಾಬರ್ಟ್ ಕೇಟ್ಸ್‌ಬಿ ಎಂಬಾತನ ನಾಯಕತ್ವದಲ್ಲಿ ಒಂದು ಸಣ್ಣ ಗುಂಪು, ದೊರೆ ಜೇಮ್ಸ್ ಪಾರ್ಲಿಮೆಂಟ್ ಉದ್ಘಾಟಿಸುವ ದಿನ ಅವನನ್ನೂ ಸದಸ್ಯರನ್ನೂ ಒಟ್ಟಿಗೆ ಸಿಡಿಸಲು ಹೊರಟಿತು. ಆಮೇಲೆ ದೊರೆಯ ಪುಟ್ಟ ಮಗಳನ್ನು ಪಟ್ಟಕ್ಕೆ ಕೂರಿಸಿ ತಮ್ಮ ಮತದ ಆಳ್ವಿಕೆ ತರುವುದು ಅವರ ಲೆಕ್ಕ. ಜನರ ಕೈಗೆ ಅಧಿಕಾರ ಕೊಡುವ ಯೋಚನೆ ಅವರಲ್ಲಿ ಯಾರಿಗೂ ಇರಲಿಲ್ಲ. ಫಾಕ್ಸ್ ಸೈನಿಕ, ಸಿಡಿಮದ್ದಿನ ಕೆಲಸ ಬಲ್ಲವನು. 36 ಪೀಪಾಯಿ ಮದ್ದಿನ ಜೊತೆ ಪಾರ್ಲಿಮೆಂಟಿನ ಕೆಳಗೆ ಸಿಕ್ಕಿಬಿದ್ದ. ಮುಂದೆ ಎರಡೂವರೆ ಶತಮಾನ, 1859ರವರೆಗೆ, ಆ ದಿನ ದೇವರಿಗೆ ಕೃತಜ್ಞತೆ ಹೇಳಬೇಕು ಎಂಬುದು ಅಲ್ಲಿ ಕಾನೂನೇ ಆಗಿತ್ತು. ಈಗಲೂ ನವೆಂಬರ್ 5ರ ರಾತ್ರಿ ಬೆಂಕಿ ಹಾಕಿ ಪಟಾಕಿ ಹೊಡೆಯುತ್ತಾರೆ, ಫಾಕ್ಸ್‌ನ ಗೊಂಬೆ ಸುಡುತ್ತಾರೆ.

ಅವನ ಕಥೆಯಲ್ಲಿ ಒಂದು ವಿವರ ನಿಮ್ಮ ಎರಡನೇ ಭಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಹಿಡಿದ ಮೇಲೆ ಗೈ ಫಾಕ್ಸ್‌ಗೆ ಲಂಡನ್ ಟವರ್‌ನಲ್ಲಿ ಚಿತ್ರಹಿಂಸೆ ಕೊಟ್ಟರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಂದು ದೊರೆಯೇ ಬರೆದು ಅಪ್ಪಣೆ ಕೊಟ್ಟಿದ್ದ. ಆಗ ಫಾಕ್ಸ್ ಹಾಕಿದ ಸಹಿಗಳು ಉಳಿದಿವೆ. ಹಿಂಸೆಯ ಬೆನ್ನಿಗೇ ಹಾಕಿದ ಸಹಿಯಲ್ಲಿ ಪೆನ್ನು ಕಾಗದದ ಮೇಲೆ ತಡವರಿಸಿದೆ, ಹೆಸರು ಪೂರ್ತಿಯಾಗಿಲ್ಲ. ಕೆಲವು ದಿನ ಬಿಟ್ಟು ಹಾಕಿದ ಸಹಿಯಲ್ಲಿ ಕೈ ಸ್ವಲ್ಪ ಸುಧಾರಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟಿರುವ ಚಿತ್ರ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಮಗನಿಗೆ ತೋರಿಸಿ. ಮುಖವಾಡದ ಹಿಂದಿನ ನಿಜವಾದ ಮುಖಕ್ಕೆ ಏನಾಯಿತು ಅನ್ನುವುದು ಆ ಒಂದು ಗೀಟಿನಲ್ಲಿ ಕಾಣುತ್ತದೆ.

ಮುಖವಾಡ ಬಂದಿದ್ದು ಕಾಮಿಕ್ಸ್‌ನಿಂದ. ಅಲನ್ ಮೂರ್ ಬರೆದು ಡೇವಿಡ್ ಲಾಯ್ಡ್ ಚಿತ್ರ ಬಿಡಿಸಿದ ಕಥೆ 1982ರಲ್ಲಿ ಬ್ರಿಟನ್ನಿನ ಒಂದು ಮಾಸಪತ್ರಿಕೆಯಲ್ಲಿ ಶುರುವಾಯಿತು. ಪತ್ರಿಕೆ ನಿಂತುಹೋಗಿ, ಕಥೆ ಮುಗಿದಿದ್ದು 1989ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಮೂಲಕ. ವಿಗೆ ಫಾಕ್ಸ್‌ನ ಮುಖ ಕೊಡೋಣ ಅಂದವರು ಲಾಯ್ಡ್. ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯಾಗಿದ್ದ ಕಾಲದ ಸಿಟ್ಟು ಆ ಕಥೆಯ ತುಂಬಾ ಇದೆ. ಸಿನಿಮಾ ಬಂದಾಗ ಕಾಲ ಬದಲಾಗಿತ್ತು. ‘ದಿ ಮ್ಯಾಟ್ರಿಕ್ಸ್’ ಸಿನಿಮಾ ಮಾಡಿದ ವಾಚೋವ್ಸ್ಕಿಗಳು ಚಿತ್ರಕಥೆ ಬರೆದರು, ಜೇಮ್ಸ್ ಮೆಕ್‌ಟೀಗ್ ನಿರ್ದೇಶಿಸಿದರು. ಇರಾಕ್ ಯುದ್ಧ ನಡೆಯುತ್ತಿತ್ತು. ಅಲ್ಲಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳ ತಲೆಗೆ ಕಪ್ಪು ಚೀಲ ಹಾಕಿ ನಿಲ್ಲಿಸಿದ ಫೋಟೋಗಳು 2004ರಲ್ಲಿ ಹೊರಬಂದಿದ್ದವು. ಈವಿಯ ತಲೆಗೆ ಹಾಕುವ ಕಪ್ಪು ಚೀಲ ನೋಡಿದಾಗ ಆಗಿನ ಪ್ರೇಕ್ಷಕರಿಗೆ ಆ ಫೋಟೋ ನೆನಪಾಗದೆ ಇರುತ್ತಿರಲಿಲ್ಲ. ಮೂರ್‌ಗೆ ಈ ಬದಲಾವಣೆ ಇಷ್ಟವಾಗಲಿಲ್ಲ. ಚಿತ್ರದಲ್ಲಿ ಅವರ ಹೆಸರೇ ಇಲ್ಲ.

ಇನ್ನು ಬಾಂಬಿನ ವಿಷಯ. ಇಲ್ಲಿ ನಿಮ್ಮ ಮನೆಯವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಈ ಸಿನಿಮಾ ಸ್ಫೋಟವನ್ನು ಚೆಂದ ಮಾಡಿ ತೋರಿಸುತ್ತದೆ. ಚೈಕೋವ್‌ಸ್ಕಿಯ ಸಂಗೀತ, ಮೇಲೆ ಬಾಣಬಿರುಸು, ಕಟ್ಟಡ ಕುಸಿಯುವುದು ಹಬ್ಬದಂತೆ. ಕಟ್ಟಡದೊಳಗೆ ಯಾರೂ ಇಲ್ಲದ ಹಾಗೆ ಕಥೆ ನೋಡಿಕೊಳ್ಳುತ್ತದೆ. ಇದು ಚಿತ್ರದ ದೊಡ್ಡ ದೌರ್ಬಲ್ಯ ಅಂತ ನನ್ನ ಅಭಿಪ್ರಾಯ. ನಿಜವಾದ ಬಾಂಬು ಖಾಲಿ ಕಟ್ಟಡ ಹುಡುಕಿಕೊಂಡು ಹೋಗುವುದಿಲ್ಲ. 2005ರ ನವೆಂಬರ್‌ನಲ್ಲಿ ಬಿಡುಗಡೆ ಆಗಬೇಕಿದ್ದ ಚಿತ್ರ ಇದು, ಫಾಕ್ಸ್ ಪ್ರಕರಣಕ್ಕೆ 400 ವರ್ಷ ತುಂಬುವ ಹೊತ್ತಿಗೆ. ಆ ಜುಲೈ 7ರಂದು ಲಂಡನ್ನಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಪ್ರಾಣ ಕಳೆದುಕೊಂಡರು. ಚಿತ್ರದಲ್ಲೂ ಬಾಂಬು ಹೋಗುವುದು ಸುರಂಗ ರೈಲಿನಲ್ಲೇ. ಚಿತ್ರ ತೆರೆಗೆ ಬಂದಿದ್ದು 2006ರ ಮಾರ್ಚ್‌ನಲ್ಲಿ. ಕೆಲಸ ಮುಗಿದಿರಲಿಲ್ಲ ಎಂದು ತಯಾರಕರು ಹೇಳಿದರು. ಕಾರಣ ಏನೇ ಇರಲಿ, ಆ 52 ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊನೆಯ ದೃಶ್ಯ ನೋಡಿದರೆ ಸಂಗೀತ ಬೇರೆ ಥರವೇ ಕೇಳಿಸುತ್ತದೆ.

ಹಾಗಂತ ಈ ಚಿತ್ರ ಬಾಂಬ್ ಇಡುವುದನ್ನು ಕಲಿಸುತ್ತದೆ ಅನ್ನುವುದೂ ಸರಿಯಲ್ಲ. ಸರ್ಕಾರ ಬೀಳುವುದು ಯಾವ ಕ್ಷಣದಲ್ಲಿ ಅಂತ ಗಮನಿಸಿ. ಪಾರ್ಲಿಮೆಂಟ್ ಇನ್ನೂ ಸಿಡಿದಿರುವುದಿಲ್ಲ. ವಿ ಮನೆಮನೆಗೆ ಕಳಿಸಿದ ಮುಖವಾಡ ಹಾಕಿಕೊಂಡು ಸಾವಿರಾರು ಜನ ಬೀದಿಗೆ ಬರುತ್ತಾರೆ. ಯಾರ ಕೈಯಲ್ಲೂ ಆಯುಧ ಇಲ್ಲ. ಎದುರಿಗೆ ಬಂದೂಕು ಹಿಡಿದ ಸೈನಿಕರು. ಮೇಲಿನಿಂದ ಆಜ್ಞೆ ಬರುವುದಿಲ್ಲ. ಜನ ಹತ್ತಿರ ಬರುತ್ತಲೇ ಇದ್ದಾರೆ. ಅಧಿಕಾರಿ ಗುಂಡು ಹಾರಿಸಬೇಡಿ ಅನ್ನುತ್ತಾನೆ. ಜನ ಸೈನಿಕರ ಸಾಲನ್ನು ದಾಟಿಕೊಂಡು ಹೋಗುತ್ತಾರೆ. ಆಳ್ವಿಕೆ ಮುಗಿದಿದ್ದು ಅಲ್ಲಿ. ಆಮೇಲೆ ಕಟ್ಟಡ ಸಿಡಿಯುವುದರಿಂದ ಕಥೆಯಲ್ಲಿ ಏನೂ ಬದಲಾಗುವುದಿಲ್ಲ. ‘ಕಟ್ಟಡ ಸಿಡಿಯದೇ ಇದ್ದಿದ್ದರೆ ಸರ್ಕಾರ ಉಳಿಯುತ್ತಿತ್ತಾ?’ ಅಂತ ಮಗನನ್ನು ಕೇಳಿ ನೋಡಿ. ಶಿಬಿರಗಳಲ್ಲಿ ಈ ಪ್ರಶ್ನೆ ಕೇಳಿದರೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

ಸರ್ಕಾರ ಬಂದಿದ್ದು ಹೇಗೆ ಅನ್ನುವುದೂ ಅಷ್ಟೇ ಮುಖ್ಯ. ಸಟ್ಲರ್ ಆಕಾಶದಿಂದ ಇಳಿದವನಲ್ಲ, ಜನರೇ ತಂದವನು. ವಿ ಟಿವಿಯಲ್ಲಿ ಬಂದು ಜನರಿಗೆ ಹೇಳುವುದೂ ಅದನ್ನೇ: ತಪ್ಪಿತಸ್ಥರು ಯಾರು ಅಂತ ತಿಳಿಯಬೇಕಾದರೆ ಕನ್ನಡಿ ನೋಡಿಕೊಳ್ಳಿ. ಸುಳ್ಳು ಸುದ್ದಿ ಹೇಗೆ ಹಬ್ಬುತ್ತದೆ ಅನ್ನುವುದಕ್ಕೆ ಒಂದು ಪುಟ್ಟ ದೃಶ್ಯ ಇದೆ. ಕೋರ್ಟ್ ಕಟ್ಟಡ ಸಿಡಿದ ಮೇಲೆ, ಅದನ್ನು ನಾವೇ ಕೆಡವಿದ್ದು ಅಂತ ಸರ್ಕಾರ ಟಿವಿಯಲ್ಲಿ ಹೇಳಿಸುತ್ತದೆ. ಸುದ್ದಿ ಓದುವವಳು ಸುಳ್ಳು ಓದುವಾಗ ಜಾಸ್ತಿ ಕಣ್ಣು ಮಿಟುಕಿಸುತ್ತಾಳೆ ಅಂತ ಈವಿಗೆ ಗೊತ್ತು, ಅದೇ ಕಚೇರಿಯವಳಲ್ವಾ. ಗೊತ್ತಿದ್ದೂ ಅಷ್ಟು ದಿನ ಸುಮ್ಮನಿದ್ದಳು. ದಬ್ಬಾಳಿಕೆ ಉಳಿದುಕೊಳ್ಳುವುದು ಇಂಥ ಗೊತ್ತಿದ್ದೂ ಸುಮ್ಮನಿರುವವರಿಂದ. ಇದನ್ನು ಕಲಿಯುವ ಹುಡುಗ ಒಳ್ಳೆಯ ಮತದಾರ ಆಗುತ್ತಾನೆ. ಬರುವ ವರ್ಷ ನಿಮ್ಮ ಮಗನಿಗೂ ವೋಟು ಬರುತ್ತದೆ.

ಈಗ ಆ ಹುಡುಗಿಯ ಮಾತು. ಈವಿಯನ್ನು ಹಿಡಿಯುತ್ತಾರೆ, ತಲೆಗೆ ಚೀಲ ಹಾಕುತ್ತಾರೆ. ಕೂದಲು ಬೋಳಿಸುತ್ತಾರೆ. ನಟಿ ನ್ಯಾಟಲಿ ಪೋರ್ಟ್‌ಮನ್ ಕ್ಯಾಮೆರಾ ಮುಂದೆ ನಿಜವಾಗಿಯೇ ತಲೆ ಬೋಳಿಸಿಕೊಂಡರು, ಹಾಗಾಗಿ ಒಂದೇ ಸಲಕ್ಕೆ ತೆಗೆಯಬೇಕಿತ್ತು. ಸೆಲ್ಲಿನ ಗೋಡೆಯ ತೂತಿನಲ್ಲಿ ಅವಳಿಗೆ ಒಂದು ಪತ್ರ ಸಿಗುತ್ತದೆ. ಹೆಣ್ಣನ್ನು ಪ್ರೀತಿಸಿದ್ದಕ್ಕೆ ಜೈಲು ಸೇರಿದ ವ್ಯಾಲರಿ ಎಂಬ ನಟಿ, ಟಾಯ್ಲೆಟ್ ಪೇಪರಿನ ಮೇಲೆ ಬರೆದ ತನ್ನ ಬದುಕಿನ ಕಥೆ ಅದು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಆ ಪತ್ರದ ಬಲದಿಂದ ಈವಿ ಬಾಯಿ ಬಿಡುವುದಿಲ್ಲ, ಸಾಯಲು ಸಿದ್ಧಳಾಗುತ್ತಾಳೆ. ಬಾಗಿಲು ತೆರೆಯುತ್ತದೆ. ಹೊರಗೆ ಬಂದು ನೋಡಿದರೆ ಅದು ವಿಯ ಮನೆ. ಜೈಲೂ ಅವನದೇ, ಹಿಂಸೆ ಕೊಟ್ಟವನೂ ಅವನೇ. ನಿನ್ನ ಭಯ ಹೋಗಲಿ ಅಂತ ಮಾಡಿದೆ ಅನ್ನುತ್ತಾನೆ. ಅವಳು ಕೂಗಾಡುತ್ತಾಳೆ, ಉಸಿರು ಕಟ್ಟಿ ಕುಸಿಯುತ್ತಾಳೆ.

ನಿಮ್ಮ ಮಗ ‘ಒಳ್ಳೇದಕ್ಕೇ’ ಅಂದಿದ್ದು ಅವನ ಕಲ್ಲು ಮನಸ್ಸಿನಿಂದಲ್ಲ. ಚಿತ್ರವೇ ಅವನನ್ನು ಅಲ್ಲಿಗೆ ತಳ್ಳುತ್ತದೆ. ಮುಂದಿನ ದೃಶ್ಯದಲ್ಲಿ ಈವಿ ಮಾಳಿಗೆ ಮೇಲೆ ಮಳೆಯಲ್ಲಿ ಎರಡೂ ಕೈ ಎತ್ತಿ ನಿಲ್ಲುತ್ತಾಳೆ. ಅದೇ ಹೊತ್ತಿಗೆ ವಿ ಉರಿಯುವ ಶಿಬಿರದಿಂದ ಕೈ ಎತ್ತಿ ಹೊರಬಂದ ದೃಶ್ಯವನ್ನು ಮಧ್ಯೆ ಕತ್ತರಿಸಿ ಹಾಕಿದ್ದಾರೆ. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಇಬ್ಬರೂ ಮರುಹುಟ್ಟು ಪಡೆದರು ಅನ್ನುವ ಹಾಗೆ. ಸಂಕಲನಕಾರ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ನಮ್ಮ ಮನಸ್ಸು ತಾನಾಗಿಯೇ ಎರಡನ್ನೂ ಸಮ ಮಾಡಿಬಿಡುತ್ತದೆ. ಅಲ್ಲೇ ನಾನು ನಿಲ್ಲಿಸಿ ಕೇಳುವುದು: ಲಾರ್ಕ್‌ಹಿಲ್‌ನ ವೈದ್ಯರೂ ದೇಶದ ಒಳ್ಳೇದಕ್ಕೇ ಅಂದಿದ್ದರಲ್ವಾ? ಸಟ್ಲರ್ ಕೂಡ ಜನರ ಒಳ್ಳೇದಕ್ಕೇ ಅಂದಿದ್ದನಲ್ವಾ? ಮತ್ತೆ ವಿ ಅವರಿಗಿಂತ ಬೇರೆ ಹೇಗೆ? ಇದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಈ ಪ್ರಶ್ನೆ ಎದ್ದ ಮೇಲೆ ಹುಡುಗ ವಿಯನ್ನು ಪೂಜೆ ಮಾಡುವುದು ಬಿಟ್ಟು ಅವನ ಬಗ್ಗೆ ಯೋಚಿಸಲು ಶುರು ಮಾಡುತ್ತಾನೆ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳಿ. ಚಿತ್ರಹಿಂಸೆಯಿಂದ ಭಯ ಹೋಗುವುದಿಲ್ಲ. ಅನುಭವಿಸಿದವರಿಗೆ ಅದು ವರ್ಷಗಟ್ಟಲೆ ನಿದ್ದೆಗೆಡಿಸುತ್ತದೆ. ಇದನ್ನು ತಿಳಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ನಮ್ಮಲ್ಲಿ ತುರ್ತು ಪರಿಸ್ಥಿತಿ ಇತ್ತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಆಗ ಭೂಗತರಾಗಿದ್ದರು. ಡೈನಮೈಟ್ ಸಂಗ್ರಹಿಸಿ ಸರ್ಕಾರಿ ಆಸ್ತಿ ಸಿಡಿಸುವ ಸಂಚು ಮಾಡಿದರು ಎಂಬ ಆರೋಪ ಅವರ ಮೇಲಿತ್ತು. ಅದೇ ಬರೋಡಾ ಡೈನಮೈಟ್ ಪ್ರಕರಣ. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಪೊಲೀಸರು ನಡೆಯಲಾಗದಷ್ಟು ಹೊಡೆದರು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಪ್ರಕರಣದ ನೆಪದಲ್ಲಿ ಬೆಂಗಳೂರು ಜೈಲು ಸೇರಿದರು. ಅವರಿಗೆ ಆಸ್ತಮಾ ಇತ್ತು. ಜೈಲಿನಲ್ಲಿ ಆರೋಗ್ಯ ಕೆಟ್ಟು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಅವರು ಜೈಲಿನಲ್ಲಿ ದಿನಚರಿ ಬರೆದಿದ್ದರು, ಅದು ಅಚ್ಚಾಗಿದೆ. ವ್ಯಾಲರಿಯ ಪತ್ರಕ್ಕೆ ಕಣ್ಣೀರು ಹಾಕಿದ ಹುಡುಗನಿಗೆ ನಾನು ಮೊದಲು ಹೇಳುವುದು ಈ ದಿನಚರಿಯ ವಿಷಯ. ಆ ಕಾಲ ಮುಗಿದಿದ್ದು ಹೇಗೆ ಅನ್ನುವುದನ್ನೂ ಹೇಳಿ. ಡೈನಮೈಟಿನಿಂದಲ್ಲ, 1977ರ ಮಾರ್ಚ್‌ನ ಚುನಾವಣೆಯಿಂದ. ಫರ್ನಾಂಡಿಸ್ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಗೆದ್ದರು.

ಇನ್ನು ನೀವು ಏನು ಮಾಡಬಹುದು. ಮುಖವಾಡ ಕಿತ್ತು ಬಿಸಾಕಿದರೆ ಮನೆಯಲ್ಲಿ ನೀವೇ ಸಟ್ಲರ್ ಆಗುತ್ತೀರಿ. ಅವನು ಹೇಗಿದ್ದರೂ ಫೋನಿನಲ್ಲಿ ನೋಡುತ್ತಾನೆ, ನಿಮ್ಮ ಹತ್ತಿರ ಮಾತಾಡುವುದು ಮಾತ್ರ ನಿಲ್ಲಿಸುತ್ತಾನೆ. ಈಗ ‘ಅಮ್ಮಾ’ ಅಂತ ಕರೆದು ವಾದ ಮಾಡುತ್ತಿದ್ದಾನಲ್ಲ, ಅದು ದೊಡ್ಡ ಆಸ್ತಿ. ಪೂರ್ತಿ ಅವನ ಪಾಡಿಗೆ ಬಿಟ್ಟರೂ ತೊಂದರೆ ಇದೆ. ಹುಡುಗರು ಚಿತ್ರವನ್ನು ಮತ್ತೆ ಮತ್ತೆ ನೋಡುವುದು ಎರಡು ನಿಮಿಷದ ತುಣುಕುಗಳಲ್ಲಿ. ಅಲ್ಲಿ ಭಾಷಣ ಇರುತ್ತದೆ, ಚಾಕು ಇರುತ್ತದೆ, ಸ್ಫೋಟ ಇರುತ್ತದೆ. ವ್ಯಾಲರಿಯ ಪತ್ರ ಇರುವುದಿಲ್ಲ, ಈವಿಯ ಕೂಗಾಟ ಇರುವುದಿಲ್ಲ.

ನನ್ನ ಸಲಹೆ, ಇನ್ನೊಮ್ಮೆ ಪೂರ್ತಿಯಾಗಿ ಜೊತೆಗೆ ಕೂತು ನೋಡಿ. ಆದರೆ ಈ ಸಲ ವಿಯನ್ನು ಬಿಟ್ಟು ಫಿಂಚ್‌ನನ್ನು ನೋಡೋಣ ಅನ್ನಿ. ಫಿಂಚ್ ಪೊಲೀಸ್ ಅಧಿಕಾರಿ, ಪಕ್ಷದ ಸದಸ್ಯ. ವಿಯನ್ನು ಹಿಡಿಯುವುದು ಅವನ ಕೆಲಸ. ಹಳೇ ಕಡತ ತಿರುವುತ್ತಾ, ಆ ಸೋಂಕು ಹಬ್ಬಿಸಿದ್ದು ನಮ್ಮವರೇ ಇರಬಹುದಾ ಅನ್ನುವ ಅನುಮಾನ ಬರುತ್ತದೆ. ಹಾಗಿದ್ದರೆ ಆ ಸತ್ಯ ನಿನಗೆ ಬೇಕಾ ಎಂದು ತನ್ನ ಸಹಾಯಕನನ್ನು ಕೇಳುತ್ತಾನೆ. ಕೆಲಸ, ಸಂಬಳ, ಅಭ್ಯಾಸ ಎಲ್ಲ ಇರುವ ನಡುವಯಸ್ಸಿನ ಮನುಷ್ಯ ಅವನು. ನಿಮ್ಮ ಮನೆಯವರಿಗೂ ಅವನು ಹಿಡಿಸಬಹುದು. ಇದರಲ್ಲಿರುವ ಅಪಾಯ ಒಂದೇ, ದೊಡ್ಡವರು ಪಾಠ ಹೇಳಲು ಶುರು ಮಾಡಿಬಿಡುತ್ತಾರೆ. ಚಿತ್ರ ನಡೆಯುವಾಗ ಮಾತು ಬೇಡ. ಮುಗಿದ ಮೇಲೆ ಒಂದೋ ಎರಡೋ ಪ್ರಶ್ನೆ ಸಾಕು. ವಯಸ್ಸಿನ ಚಿಂತೆ ಇದ್ದರೆ ಹೇಳುತ್ತೇನೆ: ಬ್ರಿಟನ್ನಿನಲ್ಲಿ ಇದಕ್ಕೆ 15 ತುಂಬಿದವರು ನೋಡಬಹುದು ಎಂಬ ಪ್ರಮಾಣಪತ್ರ ಸಿಕ್ಕಿದೆ. ಅಮೆರಿಕದಲ್ಲಿ 17ರೊಳಗಿನವರು ದೊಡ್ಡವರ ಜೊತೆ ನೋಡಬೇಕು.

ಗೋಡೆಯ ಮೇಲಿನ ಮುಖವಾಡ ಅಲ್ಲೇ ಇರಲಿ. 2008ರಲ್ಲಿ ಸೈಂಟಾಲಜಿ ಚರ್ಚಿನ ವಿರುದ್ಧ ಬೀದಿಗಿಳಿದ ಅನಾನಿಮಸ್ ಎಂಬ ಇಂಟರ್ನೆಟ್ ಹ್ಯಾಕರ್‌ಗಳ ಗುಂಪು ಅದನ್ನು ಹಾಕಿಕೊಂಡಿತು. ಶ್ರೀಮಂತರು ಬಡವರ ನಡುವಿನ ಅಂತರದ ವಿರುದ್ಧ ನಡೆದ 2011ರ ಆಕ್ಯುಪೈ ಚಳವಳಿಯಲ್ಲಿ ಅದು ಎಲ್ಲೆಲ್ಲೂ ಕಾಣಿಸಿತು. 2013ರಲ್ಲಿ ಬಹರೇನ್ ಅದರ ಆಮದನ್ನೇ ನಿಷೇಧಿಸಿತು. ಅದನ್ನು ಇಟ್ಟುಕೊಂಡ ಬಹುಪಾಲು ಜನ ಯಾರಿಗೂ ಕೇಡು ಬಯಸಿದವರಲ್ಲ.

ಯಾವಾಗ ನಿಜವಾಗಿ ಎಚ್ಚರ ಆಗಬೇಕು ಅಂದರೆ, ಮಾತು ಸಿನಿಮಾದಿಂದ ಆಚೆ ಹೋದಾಗ. ಇಂಥವರನ್ನು ಮುಗಿಸಬೇಕು ಅಂತ ಹೆಸರು ಹಿಡಿದು ಹೇಳಿದರೆ, ಸ್ಫೋಟಕ ಮಾಡುವುದು ಹೇಗೆ ಅಂತ ಹುಡುಕಿದರೆ, ಹಳೇ ಗೆಳೆಯರನ್ನು ಬಿಟ್ಟು ಮುಖ ಗೊತ್ತಿಲ್ಲದ ಆನ್‌ಲೈನ್ ಗುಂಪುಗಳಲ್ಲೇ ಇದ್ದರೆ, ನಿದ್ದೆ ಊಟ ಬಿಟ್ಟರೆ ತಡ ಮಾಡಬೇಡಿ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನೀವು ಬರೆದದ್ದರಲ್ಲಿ ಅಂಥದ್ದು ಒಂದೂ ನನಗೆ ಕಾಣಲಿಲ್ಲ.

ಕೊನೆಗೆ ಅವನು ಮೂಲ ಕಾಮಿಕ್ಸ್ ಬೇಕು ಅಂತ ಕೇಳಿಯೇ ಕೇಳುತ್ತಾನೆ. ಅದು ಸಿನಿಮಾಕ್ಕಿಂತ ಕಠಿಣ. ಅಲ್ಲಿ ಈವಿಗೆ 16 ವರ್ಷ, ಹೊಟ್ಟೆಪಾಡಿಗೆ ಮೈ ಮಾರಲು ಹೊರಟವಳು. ಆದರೂ ಕೊಡಿಸಿ ಅಂತಲೇ ಹೇಳುತ್ತೇನೆ, ಪರೀಕ್ಷೆ ಮುಗಿದ ಮೇಲೆ. ಸಿನಿಮಾ ಪಾರ್ಲಿಮೆಂಟ್ ಸಿಡಿಯುವಲ್ಲಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಅದು ಮೊದಲ ಅಧ್ಯಾಯದಲ್ಲೇ ಸಿಡಿದುಹೋಗುತ್ತದೆ. ಉಳಿದ ಪುಟಗಳೆಲ್ಲ ಅದಾದ ಮೇಲಿನದು: ಬೀದಿಯಲ್ಲಿ ಲೂಟಿ, ಗಲಭೆ, ಯಾರ ಮಾತನ್ನು ಕೇಳಬೇಕು ಅಂತ ತಿಳಿಯದ ಜನ. ಕೆಡವುವವನ ಕೆಲಸ ಮುಗಿಯಿತು, ಕಟ್ಟುವವರಿಗೆ ಜಾಗ ಬಿಡಬೇಕು ಅಂತ ವಿಯೇ ಒಪ್ಪಿಕೊಳ್ಳುತ್ತಾನೆ. ಮುಖವಾಡ ಈವಿಯ ಕೈಗೆ ಬರುತ್ತದೆ, ಆದರೆ ಕೊಲ್ಲುವ ಕೆಲಸ ತನ್ನದಲ್ಲ ಅಂತ ಅವಳು ನಿರ್ಧರಿಸುತ್ತಾಳೆ. ಅವನು ಓದಿ ಮುಗಿಸಿದ ಮೇಲೆ ನೀವೂ ಓದಿ.